ಬೇಸಿಗೆಗೆ ನಿಲ್ಲುವ ವ್ಯಾಕ್ಸ್ ಯಾವುದು?

ಡಬ್ಬದ ಮೇಲಿನ ಹೊಳಪು ನೋಡುವ ಮೊದಲು ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ, ಯಾವ ನೀರಿನಲ್ಲಿ ತೊಳೆಯುತ್ತೀರಿ ಎಂಬುದನ್ನು ನೋಡಿ

ಎಂಟು ಹತ್ತು ವರ್ಷ ಬಯಲಲ್ಲೇ ನಿಂತ ಕೆಂಪು ಕಾರೊಂದನ್ನು ಗಮನವಿಟ್ಟು ನೋಡಿ. ಬಾಗಿಲುಗಳ ಬಣ್ಣ ಇನ್ನೂ ಚೆನ್ನಾಗಿಯೇ ಇರುತ್ತದೆ. ಬಾನೆಟ್ಟು, ಟಾಪು, ಡಿಕ್ಕಿಯ ಮುಚ್ಚಳ ಮಾತ್ರ ಮಂಕಾಗಿ, ಅಲ್ಲಲ್ಲಿ ಬಿಳಿಚಿಕೊಂಡು, ಕೆಲವು ಕಡೆ ಸಿಪ್ಪೆ ಎದ್ದಿರುತ್ತವೆ. ಬಣ್ಣ ಒಂದೇ, ಬಳಿದ ಕಾರ್ಖಾನೆಯೂ ಒಂದೇ. ಆದರೆ ಬಾಗಿಲಿಗೆ ಬಿಸಿಲು ಓರೆಯಾಗಿ ತಾಗುತ್ತದೆ, ಬಾನೆಟ್ಟು ಮಾತ್ರ ದಿನವಿಡೀ ಸೂರ್ಯನಿಗೆ ಮುಖವೊಡ್ಡಿ ಮಲಗಿರುತ್ತದೆ. ಹಕ್ಕಿ ಹಿಕ್ಕೆ ಬೀಳುವುದೂ ಅಲ್ಲೇ, ಮರದ ಸೊನೆ ತೊಟ್ಟಿಕ್ಕುವುದೂ ಅಲ್ಲೇ, ತೊಳೆದ ನೀರು ನಿಂತು ಒಣಗುವುದೂ ಅಲ್ಲೇ.

ಈ ಹಾನಿಯ ದೊಡ್ಡ ಪಾಲು ಸೇರಿಕೊಳ್ಳುವುದು ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಅಂಗಡಿಗಳಲ್ಲಿ ಬಗೆಬಗೆಯ ವ್ಯಾಕ್ಸ್ ಡಬ್ಬಗಳೂ ಸಾಲು ನಿಲ್ಲುತ್ತವೆ. ‘ಯಾವುದು ಹೆಚ್ಚು ಹೊಳೆಯುತ್ತದೆ?’ ಎಂದು ಕೇಳುವವರೇ ಹೆಚ್ಚು. ಕೇಳಬೇಕಾದದ್ದು ‘ಯಾವುದು ಮೇ ತಿಂಗಳ ಕೊನೆಗೂ ಕಾರಿನ ಮೇಲೆ ಉಳಿದಿರುತ್ತದೆ?’ ಎಂದು. ಹೊಳಪಿನಲ್ಲಿ ಡಬ್ಬದಿಂದ ಡಬ್ಬಕ್ಕೆ ಅಂಥ ದೊಡ್ಡ ಅಂತರವಿಲ್ಲ. ಬಾಳಿಕೆಯಲ್ಲಿ ಇದೆ. ಆ ಬಾಳಿಕೆಯ ಅರ್ಧ ಡಬ್ಬದೊಳಗಿದ್ದರೆ, ಇನ್ನರ್ಧ ಅದನ್ನು ಹಚ್ಚುವ ಮೊದಲು ನಾವು ಮಾಡುವ ತಯಾರಿಯಲ್ಲಿದೆ.

ಕಾಯಬೇಕಾದದ್ದು ಯಾವುದನ್ನು?

ಇಂದಿನ ಕಾರಿನ ಬಣ್ಣ ಒಂದೇ ಪದರವಲ್ಲ. ಮೊದಲು ಕಾರಿನ ಇಡೀ ಉಕ್ಕಿನ ಒಡಲನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಲೇಪವನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಆಮೇಲೆ ಕಣ್ಣಿಗೆ ಕಾಣುವ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್ ಮಾತ್ರ. ಹೊಳಪು ಬರುವುದೂ ಇದರಿಂದ, ಬಿಸಿಲು ಮಳೆಗೆ ಮೊದಲು ಎದೆಯೊಡ್ಡುವುದೂ ಇದೇ.

ಸೂರ್ಯನ ನೇರಳಾತೀತ ಕಿರಣಗಳು ಈ ಪದರದ ರಾಸಾಯನಿಕ ಬಂಧಗಳನ್ನು ಮುರಿಯುತ್ತವೆ. ಅದನ್ನು ತಡೆಯಲೆಂದೇ ಕ್ಲಿಯರ್ ಕೋಟಿನಲ್ಲಿ ಆ ಕಿರಣಗಳನ್ನು ಹೀರಿಕೊಳ್ಳುವ ವಸ್ತುಗಳನ್ನು ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅವುಗಳ ಶಕ್ತಿ ಕುಂದುತ್ತದೆ. ಆಮೇಲೆ ಪದರ ಮಂಕಾಗಿ, ಬಿರುಕು ಬಿಟ್ಟು, ಸುಲಿಯತೊಡಗುತ್ತದೆ. ಅಲ್ಲಿಗೆ ಬಂದ ಮೇಲೆ ಯಾವ ವ್ಯಾಕ್ಸೂ ಕೆಲಸಕ್ಕೆ ಬಾರದು, ಬಣ್ಣ ಹೊಡೆಸುವುದೊಂದೇ ದಾರಿ.

ಬಹುಪಾಲು ಜಾಹೀರಾತುಗಳು ಹೇಳದ ಮಾತೊಂದಿದೆ. ಒರೆಸಿದ ಮೇಲೆ ಕಾರಿನ ಮೇಲೆ ಉಳಿಯುವ ವ್ಯಾಕ್ಸ್ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅಷ್ಟು ತೆಳುವಾದ ಪೊರೆ ಮಧ್ಯಾಹ್ನದ ಬಿಸಿಲನ್ನೇ ತಡೆದು ನಿಲ್ಲಿಸುತ್ತದೆ ಎಂದು ನಂಬುವುದು ಬೇಡ. ಬಿಸಿಲಿಗೆ ನಿಜವಾದ ಪರಿಹಾರ ನೆರಳೊಂದೇ. ವ್ಯಾಕ್ಸಿನ ಕೆಲಸ ಬೇರೆ. ಶಾಲೆ ಮಕ್ಕಳ ಪುಸ್ತಕಕ್ಕೆ ಹಾಕುವ ಬೈಂಡಿನಂತೆ, ಕೊಳೆ ಕಲೆಗಳನ್ನೆಲ್ಲ ತಾನು ತಿಂದು ಒಳಗಿನದನ್ನು ಉಳಿಸುವುದು. ಹಿಕ್ಕೆ, ಸೊನೆ, ಗಡಸು ನೀರಿನ ಉಪ್ಪು, ಧೂಳು ನೇರವಾಗಿ ಕ್ಲಿಯರ್ ಕೋಟಿಗೆ ಅಂಟದಂತೆ ನಡುವೆ ನಿಂತು, ತಾನು ಸವೆದು ಹೋಗುವುದು. ಹಾಗಾಗಿಯೇ ಅದನ್ನು ಮತ್ತೆ ಮತ್ತೆ ಹಚ್ಚಬೇಕು.

ಬೇಸಿಗೆಯ ಹಾವಳಿ

ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಅದೊಂದೇ ಆಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ತುಸು ಹಿಗ್ಗುತ್ತದೆ. ಅದೇ ಹೊತ್ತಿಗೆ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಪದರ ಆ ಗಟ್ಟಿ ಗುರುತಿನ ಸುತ್ತ ಕುಗ್ಗಿ ಅದರ ಆಕಾರವನ್ನೇ ತಾಳುತ್ತದೆ. ತೊಳೆದ ಮೇಲೂ ಉಳಿಯುವ ಮಸುಕು ಅಚ್ಚು ಅದೇ. ಚಳಿಗಾಲದಲ್ಲಿ ಎರಡು ದಿನ ಬಿಟ್ಟರೂ ಹೋಗುವ ಕಲೆ ಏಪ್ರಿಲ್ ಮಧ್ಯಾಹ್ನದಲ್ಲಿ ಕೆಲವೇ ಗಂಟೆಗಳಲ್ಲಿ ಕೂತುಬಿಡುವುದು ಇದರಿಂದಲೇ.

ಮರದ ನೆರಳು ಒಳ್ಳೆಯದೇ, ಆದರೆ ಯಾವ ಮರ ಎಂಬುದೂ ಮುಖ್ಯ. ಬೆಂಗಳೂರಿನ ರಸ್ತೆಗಳಲ್ಲಿ ಬೇಸಿಗೆಗೆ ಹೊಂಗೆ ಹೂವು ಉದುರಿ ವೈಪರ್ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಮಳೆಮರದ ಕೆಳಗೆ ನಿಂತರೆ ರಸ ಹೀರುವ ಕೀಟಗಳು ಉದುರಿಸುವ ಜಿಗುಟು ಹನಿಗಳು ಬೀಳುತ್ತವೆ. ಮಾವಿನ ಸೊನೆಯಂತೂ ಕೈಗೆ ತಾಗಿದರೆ ಚರ್ಮವನ್ನೇ ಸುಡುತ್ತದೆ, ಕಾರಿನ ಪದರವನ್ನು ಬಿಟ್ಟೀತೆ? ಬಾವಲಿ ಬರುವ ಮರದಡಿ ಬೆಳಗಾಗುವಷ್ಟರಲ್ಲಿ ಬಾನೆಟ್ಟಿನ ತುಂಬ ಕಲೆ.

ಇನ್ನು ನೀರು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ, ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಕಾರು ತೊಳೆಯುವುದು ಹೆಚ್ಚಾಗಿ ಬೋರ್‌ವೆಲ್ ನೀರಿನಲ್ಲಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚು. ಬಿಸಿ ಬಾನೆಟ್ಟಿನ ಮೇಲೆ ಹನಿ ಆರಿದರೆ ಬಿಳಿ ಉಂಗುರ ಉಳಿಯುತ್ತದೆ. ಒಂದೆರಡು ಸಲಕ್ಕೆ ಒರೆಸಿದರೆ ಹೋಗುತ್ತದೆ. ದಿನವೂ ಹೀಗೇ ಆದರೆ ಉಂಗುರ ಒಳಕ್ಕೆ ಕೊರೆದುಕೊಂಡು ನಿಲ್ಲುತ್ತದೆ. ಎಷ್ಟೋ ಕಾರುಗಳಿಗೆ ಬಿಸಿಲಿಗಿಂತ ಹೆಚ್ಚು ಕೆಡುಕು ಮಾಡುವುದು ಬೆಳಗಿನ ಈ ಬಕೆಟ್ ನೀರೇ.

ಡಬ್ಬದೊಳಗೆ ಏನಿದೆ?

ಮಾರುಕಟ್ಟೆಯಲ್ಲಿ ಹೆಸರು ನೂರಿದ್ದರೂ ಬಗೆ ಮೂರೇ.

ಮೊದಲನೆಯದು ಕಾರ್ನೌಬಾ ವ್ಯಾಕ್ಸ್. ಈಶಾನ್ಯ ಬ್ರೆಜಿಲ್‌ನ ಸಿಯಾರಾ, ಪಿಯಾವಿ ಮೊದಲಾದ ರಾಜ್ಯಗಳಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳಿಂದ ಇದು ಸಿಗುತ್ತದೆ. ಅಲ್ಲಿನ ಸುಡುಬಿಸಿಲಿನಲ್ಲಿ ಎಲೆಯ ನೀರು ಆವಿಯಾಗದಂತೆ ಮರ ತನ್ನ ಎಲೆಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಎಲೆ ಕಡಿದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಕಳೆದ ಶತಮಾನದ ಮೊದಲ ಭಾಗದಲ್ಲೇ ಇದಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ, ನೆಲದ ಪಾಲಿಶ್ ತಯಾರಿಸುತ್ತಿದ್ದ ಅಮೆರಿಕದ ಎಸ್.ಸಿ. ಜಾನ್ಸನ್ ಕಂಪನಿಯ ಮುಖ್ಯಸ್ಥ ಹರ್ಬರ್ಟ್ ಎಫ್. ಜಾನ್ಸನ್ 1935ರಲ್ಲಿ ನೀರಿನ ಮೇಲೂ ಇಳಿಯಬಲ್ಲ ಪುಟ್ಟ ವಿಮಾನವೇರಿ ಈ ಮರಗಳನ್ನು ಅಭ್ಯಾಸ ಮಾಡಲು ಬ್ರೆಜಿಲ್‌ಗೆ ಹೋಗಿದ್ದರು.

ಕಾರ್ನೌಬಾ ಸಸ್ಯಮೇಣಗಳಲ್ಲೇ ಅತಿ ಗಟ್ಟಿಯಾದವುಗಳಲ್ಲೊಂದು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು 82ರಿಂದ 86 ಡಿಗ್ರಿವರೆಗೆ ತಡೆಯುತ್ತದೆ. ಆದರೆ ಶುದ್ಧ ಕಾರ್ನೌಬಾ ಕಲ್ಲಿನಷ್ಟು ಗಡುಸು, ಬಟ್ಟೆಯಲ್ಲಿ ಹಚ್ಚಲು ಬರುವುದಿಲ್ಲ. ಅದಕ್ಕೇ ಎಣ್ಣೆ, ದ್ರಾವಕ, ಮೆತ್ತನೆಯ ಬೇರೆ ಮೇಣಗಳನ್ನು ಬೆರೆಸಿ ಹದ ಮಾಡುತ್ತಾರೆ. ಡಬ್ಬದ ಮೇಲೆ ‘ನೂರಕ್ಕೆ ನೂರು ಕಾರ್ನೌಬಾ’ ಎಂದಿದ್ದರೆ ಒಳಗೆ ಬಳಸಿದ ಕಾರ್ನೌಬಾ ಕಲಬೆರಕೆಯಿಲ್ಲದ್ದು ಎಂದರ್ಥ, ಡಬ್ಬದ ತುಂಬ ಅದೇ ಇದೆ ಎಂದಲ್ಲ. ಬೇಸಿಗೆಯಲ್ಲಿ ಕಪ್ಪು ಕಾರಿನ ಬಾನೆಟ್ 70 ಡಿಗ್ರಿ ದಾಟುವುದು ಅಪರೂಪವಲ್ಲ. ಆ ಕಾವಿಗೆ ಈ ಮಿಶ್ರಣ ಮೆತ್ತಗಾಗುತ್ತದೆ, ಧೂಳನ್ನು ಹಿಡಿದುಕೊಳ್ಳುತ್ತದೆ, ತೊಳೆತಕ್ಕೆ ಬೇಗ ಸವೆಯುತ್ತದೆ. ಹೆಚ್ಚೆಂದರೆ ಒಂದೆರಡು ತಿಂಗಳ ಬಾಳಿಕೆ. ಕೆಂಪು, ಕಪ್ಪಿನಂಥ ಗಾಢ ಬಣ್ಣಗಳಿಗೆ ಇದು ಕೊಡುವ ಆಳವಾದ ಹೊಳಪು ನಿಜ. ಶೆಡ್ಡಿನಲ್ಲಿ ನಿಂತು ಭಾನುವಾರ ಹೊರಬರುವ ಕಾರಿಗೆ ಇದು ಸಾಕು.

ಎರಡನೆಯದು ಸಿಂಥೆಟಿಕ್ ವ್ಯಾಕ್ಸ್, ಅಂಗಡಿಯವರು ಸೀಲಂಟ್ ಎಂದೂ ಕರೆಯುತ್ತಾರೆ. ಇದರಲ್ಲಿ ಕೆಲಸ ಮಾಡುವುದು ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್‌ಗಳು. ಇವು ಕ್ಲಿಯರ್ ಕೋಟಿಗೆ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಕಾವಿಗೂ ಶಾಂಪೂಗೂ ಬೇಗ ಜಗ್ಗುವುದಿಲ್ಲ. ಸರಿಯಾಗಿ ಹಚ್ಚಿದರೆ ನಾಲ್ಕರಿಂದ ಆರು ತಿಂಗಳು ಬರುತ್ತದೆ. ಬಯಲಲ್ಲಿ ನಿಲ್ಲುವ, ದಿನವೂ ಓಡುವ ಕಾರಿಗೆ ಬೇಸಿಗೆಯ ಮಟ್ಟಿಗೆ ನನ್ನ ಮೊದಲ ಆಯ್ಕೆ ಇದೇ. ಕಾರ್ನೌಬಾವನ್ನೂ ಪಾಲಿಮರನ್ನೂ ಬೆರೆಸಿದ ಮಿಶ್ರ ವ್ಯಾಕ್ಸ್‌ಗಳೂ ಸಿಗುತ್ತವೆ. ಅವುಗಳ ಬಾಳಿಕೆ ಎರಡರ ನಡುವೆ.

ಮೂರನೆಯದು ಸೆರಾಮಿಕ್ ಕೋಟಿಂಗ್. ಇದು ಮೇಣವೇ ಅಲ್ಲ. ಸಿಲಿಕಾ ಮೂಲದ ದ್ರವ ಬಣ್ಣದ ಮೇಲೆ ಗಟ್ಟಿಯಾಗಿ ತೆಳ್ಳನೆಯ ಪೊರೆಯಾಗುತ್ತದೆ, ವರ್ಷ ಮೀರಿ ಬಾಳುತ್ತದೆ. ಆದರೆ ಖರ್ಚು ಸಾವಿರಗಳಲ್ಲಿ. ಹಚ್ಚುವ ಮೊದಲಿನ ತಯಾರಿಗೆ ಪಳಗಿದ ಕೈ ಬೇಕು. ಜಾಹೀರಾತಿನಲ್ಲಿ ಕಾಣುವ ‘9 ಎಚ್’ ಎಂಬುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ. ಅಷ್ಟಿದೆಯೆಂದು ಕಾರಿಗೆ ಗೀರೇ ಬೀಳದು ಎಂದುಕೊಳ್ಳಬಾರದು. ಗಡಸು ನೀರಿನ ಉಂಗುರ ಇದರ ಮೇಲೂ ಕೂರುತ್ತದೆ. ಹೊಸ ಕಾರು ಕೊಂಡು ಏಳೆಂಟು ವರ್ಷ ಇಟ್ಟುಕೊಳ್ಳುವವರು ಯೋಚಿಸಬಹುದು. ಈಗಾಗಲೇ ಮಂಕಾದ ಹಳೆಯ ಕಾರಿಗೆ ಅಷ್ಟು ಹಣ ಸುರಿಯುವುದು ಬೇಡ.

ಕೊಳ್ಳುವಾಗ ಡಬ್ಬದ ಹಿಂಬದಿಯನ್ನು ಓದಿ. ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಉಜ್ಜುವ ಕಣಗಳಿರುತ್ತವೆ. ಹಳೆಯ ಕಾರಿಗೆ ಅಪರೂಪಕ್ಕೆ ಸರಿ, ಹೊಸದಕ್ಕೆ ಬೇಡ. ‘ವಾಶ್ ಆ್ಯಂಡ್ ವ್ಯಾಕ್ಸ್’ ಶಾಂಪೂಗಳು ಬಿಡುವ ಪೊರೆ ಹೆಸರಿಗೆ ಮಾತ್ರ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಮಾಮೂಲಿ ವ್ಯಾಕ್ಸ್ ಹಚ್ಚಲೇಬಾರದು. ಹೊಸದಾಗಿ ಪೇಂಟ್ ಹೊಡೆಸಿದ ಭಾಗವಿದ್ದರೆ ಎಷ್ಟು ದಿನ ಬಿಡಬೇಕು ಎಂದು ಪೇಂಟರನ್ನು ಕೇಳಿ. ಬಣ್ಣದೊಳಗಿನ ದ್ರಾವಕ ಪೂರ್ತಿ ಆರಲು ಸಾಮಾನ್ಯವಾಗಿ ಒಂದೆರಡು ತಿಂಗಳು ಬೇಕು.

ಅರ್ಧ ಬಾನೆಟ್ಟಿನ ಪರೀಕ್ಷೆ

ಜಾಹೀರಾತು ಹೇಳುವ ತಿಂಗಳುಗಳು ನಿಮ್ಮ ಊರಿನ ಬಿಸಿಲು, ನಿಮ್ಮ ಮನೆಯ ನೀರಿನಲ್ಲಿ ಅಳೆದವಲ್ಲ. ನಿಮ್ಮ ಕಾರಿನ ಮೇಲೆ ನೀವೇ ಅಳೆಯಬಹುದು. ತೊಳೆದು ಒಣಗಿಸಿದ ಬಾನೆಟ್ಟಿನ ನಟ್ಟನಡುವೆ ಉದ್ದಕ್ಕೆ ಒಂದು ಪಟ್ಟಿ ಮಾಸ್ಕಿಂಗ್ ಟೇಪ್ ಅಂಟಿಸಿ. ಎಡಕ್ಕೆ ಒಂದು ವ್ಯಾಕ್ಸ್, ಬಲಕ್ಕೆ ಇನ್ನೊಂದು. ಒಂದೇ ಡಬ್ಬವಿದ್ದರೆ ಬಲಭಾಗ ಖಾಲಿ ಇರಲಿ. ಒರೆಸಿದ ಮೇಲೆ ಟೇಪ್ ಕಿತ್ತು ಎರಡೂ ಕಡೆ ಒಂದೊಂದು ಚೊಂಬು ನೀರು ಸುರಿಯಿರಿ. ವ್ಯಾಕ್ಸ್ ಇದ್ದ ಕಡೆ ನೀರು ಗುಂಡುಗುಂಡಾಗಿ ನಿಂತು, ತುಸು ಓರೆ ಸಿಕ್ಕರೂ ಉರುಳುತ್ತದೆ. ಇಲ್ಲದ ಕಡೆ ಚಪ್ಪಟೆಯಾಗಿ ಹರಡಿ ಮೆತ್ತಿಕೊಳ್ಳುತ್ತದೆ. ಪ್ರತಿ ಭಾನುವಾರ ತೊಳೆದ ಮೇಲೆ ಇದನ್ನೇ ಮಾಡಿ. ಹನಿಗಳು ಅಂಕುಡೊಂಕಾಗಿ, ದೊಡ್ಡದಾಗಿ, ಸೋಮಾರಿಯಾಗಿ ನಿಲ್ಲತೊಡಗಿದ ವಾರ ಆ ವ್ಯಾಕ್ಸಿನ ಕಾಲ ಮುಗಿಯಿತೆಂದು ತಿಳಿಯಿರಿ.

ಕೊಳೆ ಕೂತ ಕಾರಿನ ಮೇಲೆ ಹನಿ ನಿಲ್ಲದಿದ್ದರೆ ವ್ಯಾಕ್ಸ್ ಹೋಗಿದೆ ಎಂದು ಅವಸರಪಡಬೇಡಿ. ಮೊದಲು ತೊಳೆದು ಆಮೇಲೆ ನೋಡಿ. ಇನ್ನೊಂದು ವಿಷಯ, ಬಿಸಿಲಿನಲ್ಲಿ ನಿಂತ ಗುಂಡುಹನಿ ಚೆಂದ ಕಂಡರೂ ಅದು ಅಲ್ಲೇ ಆರಿದರೆ ಉಂಗುರ ಖಚಿತ. ಬೇಸಿಗೆಗೆ ಒಳ್ಳೆಯದು ನೀರನ್ನು ನಿಲ್ಲಿಸಿ ತೋರಿಸುವ ವ್ಯಾಕ್ಸ್ ಅಲ್ಲ, ಬೇಗ ಜಾರಿಸಿ ಕಳಿಸುವ ವ್ಯಾಕ್ಸ್.

ಹಚ್ಚುವ ಬಗೆ

ದುಬಾರಿ ಡಬ್ಬವೂ ಕೊಳೆಯ ಮೇಲೆ ಹಚ್ಚಿದರೆ ಎರಡು ವಾರ ನಿಲ್ಲದು, ಏಕೆಂದರೆ ಅದು ಅಂಟಿಕೊಂಡದ್ದು ಬಣ್ಣಕ್ಕಲ್ಲ, ಕೊಳೆಗೆ. ಕಾರಿನದೇ ಶಾಂಪೂವಿನಿಂದ ತೊಳೆಯಿರಿ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಒಂದೇ ಬಕೆಟ್‌ನಲ್ಲಿ ಅದ್ದಿ ಅದ್ದಿ ಒರೆಸಿದರೆ ಮಣ್ಣಿನ ಕಣಗಳೇ ಮರಳುಕಾಗದದ ಕೆಲಸ ಮಾಡುತ್ತವೆ. ಒಣಗಿದ ಮೇಲೆ ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ಟಿನ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣುಪಾಗಿ ತೋರಿದ್ದು ಚೀಲದೊಳಗಿನ ಬೆರಳಿಗೆ ತರಿತರಿಯಾಗಿ ತಾಗುತ್ತದೆ. ಅದು ಬ್ರೇಕಿನ ಲೋಹದ ಪುಡಿ, ಸೊನೆಯ ಚುಕ್ಕೆ, ಹಾರಿಬಂದ ಪೇಂಟು. ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯನ್ನು ನೀರು ಚಿಮುಕಿಸಿದ ಮೇಲ್ಮೈ ಮೇಲೆ ಹಗುರವಾಗಿ ಆಡಿಸಿದರೆ ಇವು ಬಿಟ್ಟುಬರುತ್ತವೆ. ಜೇಡಿ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಮತ್ತೆ ಬಳಸಬೇಡಿ.

ವ್ಯಾಕ್ಸ್ ಹಚ್ಚುವುದು ನೆರಳಲ್ಲಿ, ತಗಡು ಮುಟ್ಟಿದರೆ ತಣ್ಣಗಿರುವಾಗ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ. ಕಾದ ತಗಡಿನ ಮೇಲೆ ದ್ರಾವಕ ತಟ್ಟನೆ ಆರಿ ವ್ಯಾಕ್ಸ್ ಕಚ್ಚಿಕೊಳ್ಳುತ್ತದೆ, ಆಮೇಲೆ ಉಜ್ಜಿ ಉಜ್ಜಿ ಗೀರು ಬೀಳುತ್ತದೆ. ಒಂದು ಬಾಗಿಲು, ಅರ್ಧ ಬಾನೆಟ್, ಹೀಗೆ ಭಾಗ ಭಾಗವಾಗಿ ಹಚ್ಚಿ. ಕಣ್ಣಿಗೆ ಮಂಜಿನಷ್ಟು ಕಂಡರೆ ಸಾಕು, ದಪ್ಪ ಬಳಿದದ್ದೆಲ್ಲ ಒರೆಸುವ ಬಟ್ಟೆಯ ಪಾಲು. ಬೆರಳಿನಿಂದ ಒಂದು ಗೆರೆ ಎಳೆದಾಗ ಕೆಳಗೆ ನಿಚ್ಚಳ ಹೊಳಪು ಕಂಡರೆ ಒರೆಸುವ ಹದ ಬಂದಿದೆ. ಗೆರೆ ಮಸುಕಾಗಿ ಎಣ್ಣೆಯಂತೆ ಹರಡಿದರೆ ಇನ್ನೂ ಕಾಯಿರಿ. ಒಗೆದ ಮೈಕ್ರೋಫೈಬರ್ ಬಟ್ಟೆ ಬಳಸಿ, ಹಳೆಯ ಬನಿಯನ್ ಬೇಡ. ಬಂಪರ್ ಅಂಚಿನ ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ. ಬಾನೆಟ್ಟಿಗೂ ಟಾಪಿಗೂ ಮಾರನೆಯ ದಿನ ಎರಡನೇ ಕೋಟ್ ಕೊಟ್ಟರೆ ಮೊದಲನೆಯದರಲ್ಲಿ ತಪ್ಪಿಹೋದ ಜಾಗಗಳೂ ಮುಚ್ಚಿಕೊಳ್ಳುತ್ತವೆ.

ರಬ್ಬಿಂಗ್ ಎಂಬ ಅಪಾಯ

ವಾಟರ್ ವಾಶ್‌ಗೆ ಬಿಟ್ಟ ಕಡೆಯೆಲ್ಲ ಕೇಳಿಬರುವ ಮಾತು: ‘ಸಾರ್, ಬಣ್ಣ ಡಲ್ ಆಗಿದೆ. ರಬ್ಬಿಂಗ್ ಹೊಡೆದ್ಬಿಟ್ರೆ ಹೊಸ ಗಾಡಿ ಥರ ಆಗತ್ತೆ.’ ಹುಡುಗ ಸುಳ್ಳು ಹೇಳುತ್ತಿಲ್ಲ, ಸಂಜೆಗೆ ಕಾರು ನಿಜಕ್ಕೂ ಹೊಳೆಯುತ್ತದೆ. ಆದರೆ ಆ ಹೊಳಪು ಬಂದದ್ದು ಕ್ಲಿಯರ್ ಕೋಟಿನ ಮೇಲ್ಭಾಗವನ್ನು ಮಷಿನ್ನಿನಲ್ಲಿ ಕೆರೆದು ತೆಗೆದದ್ದರಿಂದ. ಇರುವುದೇ 35ರಿಂದ 50 ಮೈಕ್ರಾನ್, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಪ್ರತಿ ಸರ್ವಿಸ್‌ಗೂ ರಬ್ಬಿಂಗ್ ಮಾಡಿಸಿದ ಕಾರಿನ ಬಾನೆಟ್ ಕೆಲವೇ ವರ್ಷಗಳಲ್ಲಿ ಸುಲಿಯತೊಡಗಿದರೆ ಆಶ್ಚರ್ಯವಿಲ್ಲ. ಕೆರೆಯುವುದು ಪಾಲಿಶ್‌ನ ಕೆಲಸ, ಕಾಯುವುದು ವ್ಯಾಕ್ಸ್‌ನ ಕೆಲಸ. ಆಳವಾದ ಗೀರುಗಳಿದ್ದಾಗ, ಕಾರಿನ ಆಯಸ್ಸಿನಲ್ಲಿ ಒಂದೆರಡು ಸಲ ಪಾಲಿಶ್ ಮಾಡಿಸಿ. ಉಳಿದಂತೆ, ‘ರಬ್ಬಿಂಗ್ ಬೇಡಪ್ಪ, ಚೆನ್ನಾಗಿ ತೊಳೆದು ವ್ಯಾಕ್ಸ್ ಮಾತ್ರ ಹಾಕು’ ಎಂದು ಹೇಳಿ.

ನೀರಿನ ಲೆಕ್ಕ

2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ಎದುರಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಬೇಸಿಗೆಯಲ್ಲಿ ಕಾರಿಗೆ ಪೈಪ್ ಹಿಡಿಯುವುದು ದಂಡದ ಭಯಕ್ಕಷ್ಟೇ ಅಲ್ಲ, ಮನಸ್ಸಾಕ್ಷಿಗೂ ಒಪ್ಪುವ ಮಾತಲ್ಲ. ವ್ಯಾಕ್ಸ್‌ನಿಂದ ಆಗುವ ದೊಡ್ಡ ಉಪಕಾರ ಇಲ್ಲಿಯೇ. ಕೊಳೆ ಗಟ್ಟಿಯಾಗಿ ಅಂಟದ ಕಾರನ್ನು ದಿನವೂ ತೊಳೆಯಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್ ನೀರು ಸಾಕು. ಕೊನೆಯ ಜಾಲಿಕೆಗೆ ಕುದಿಸಿ ಆರಿಸಿದ ನೀರೋ, ಸಂಗ್ರಹಿಸಿದ ಮಳೆನೀರೋ ಒಂದು ಚೊಂಬು ಸಿಕ್ಕರೂ ಉಂಗುರ ಕಡಿಮೆ. ತೊಳೆದ ಕೂಡಲೇ ಒರೆಸಿ ಒಣಗಿಸುವುದಂತೂ ಕಡ್ಡಾಯ. ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಝಾಡಿಸುವ ಅಭ್ಯಾಸ ಬಿಡಿ, ಗೀರುಗಳ ಹುಟ್ಟು ಅಲ್ಲೇ. ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಎರಡು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ, ಉಜ್ಜಬೇಡಿ.

ಊರಿಗೆ ತಕ್ಕ ಆಯ್ಕೆ

ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬೇಸಿಗೆ 42 ಡಿಗ್ರಿ ದಾಟುತ್ತದೆ. ಅಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೆ ಬರಿ ಕಾರ್ನೌಬಾ ಹಚ್ಚುವುದು ಶ್ರಮ ದಂಡ, ಸಿಂಥೆಟಿಕ್ಕೇ ಸರಿ. ಬಳ್ಳಾರಿ, ಸಂಡೂರಿನ ಕೆಂಧೂಳಿಗೂ ಎಣ್ಣೆಯಂಶ ಹೆಚ್ಚಿರುವ ವ್ಯಾಕ್ಸ್ ಹೊಂದದು. ಬೆಂಗಳೂರು, ಮೈಸೂರಿನವರು ಗಾಳಿ ತಂಪೆಂದು ಮೈಮರೆಯಬಾರದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೇರಳಾತೀತ ಕಿರಣ ಅಲ್ಲಿ ಕಡಿಮೆಯೇನಿಲ್ಲ, ಜತೆಗೆ ಮರಗಳ ಸೊನೆ, ಬೋರ್‌ವೆಲ್ ನೀರು. ಮಂಗಳೂರು, ಉಡುಪಿ, ಕಾರವಾರದಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಅಲ್ಲಿ ಸಿಂಥೆಟಿಕ್ ಹಚ್ಚುವುದರ ಜತೆಗೆ ಬಾಗಿಲುಗಳ ಕೆಳಭಾಗವನ್ನೂ ಮರೆಯದೆ ತೊಳೆಯಬೇಕು. ನೆಲಮಾಳಿಗೆಯ ಪಾರ್ಕಿಂಗ್ ಇದ್ದವರು ಇಷ್ಟಪಟ್ಟದ್ದನ್ನು ಹಚ್ಚಿಕೊಳ್ಳಬಹುದು.

ವರ್ಷಕ್ಕೆ ಮೂರು ಸಲ ಹಚ್ಚಿದರೆ ಸಾಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿದ ಮೇಲೆ, ಬಿಸಿಲೇರುವ ಮೊದಲು ಮೊದಲನೆಯದು. ಮುಂಗಾರು ಹತ್ತಿರ ಬಂದಾಗ, ಮೇ ಕೊನೆಗೆ ಎರಡನೆಯದು. ಆಯುಧಪೂಜೆಗೆ ಮುಂಚೆ ಮೂರನೆಯದು, ಅರಿಶಿನ ಕುಂಕುಮದ ಕಲೆಯೂ ಸುಲಭವಾಗಿ ಬಿಟ್ಟುಹೋಗುತ್ತದೆ.

ಇಷ್ಟೆಲ್ಲ ಪಾಡು ಏಕೆ, ಹಾಳಾದರೆ ಬಣ್ಣ ಹೊಡೆಸಿದರಾಯಿತು ಎನ್ನುವವರಿಗೆ ಒಂದು ಮಾತು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಕಾವಿನಲ್ಲಿ ಬೇಯಿಸುತ್ತಾರೆ, ಆಗ ಕಾರಿನಲ್ಲಿರುವುದು ಬರಿ ತಗಡು. ರಸ್ತೆಗಿಳಿದ ಕಾರಿನಲ್ಲಿ ವೈರು, ಪ್ಲಾಸ್ಟಿಕ್ಕು, ರಬ್ಬರು ಎಲ್ಲ ಇರುವುದರಿಂದ ವರ್ಕ್‌ಶಾಪಿನ ಬೂತಿನಲ್ಲಿ ಸುಮಾರು 60 ಡಿಗ್ರಿಗಿಂತ ಹೆಚ್ಚು ಕಾಯಿಸಲಾಗದು. ಎಷ್ಟೇ ನುರಿತ ಪೇಂಟರ್ ಆದರೂ ಕಾರ್ಖಾನೆಯ ಆ ಮೊದಲ ಬಣ್ಣವನ್ನು ಮತ್ತೆ ತರುವುದು ಕಷ್ಟ. ಕೊಳ್ಳಲು ಬರುವವರೂ ಮೊದಲು ಕೇಳುವುದು ‘ಒರಿಜಿನಲ್ ಪೇಂಟಾ?’ ಎಂದೇ. ಸಾಧಾರಣ ಬೆಲೆಯ ಒಂದು ಸಿಂಥೆಟಿಕ್ ವ್ಯಾಕ್ಸ್ ಡಬ್ಬ, ಎರಡು ಬಕೆಟ್, ನಾಲ್ಕು ಮೈಕ್ರೋಫೈಬರ್ ಬಟ್ಟೆ, ವರ್ಷಕ್ಕೆ ಮೂರು ಬೆಳಗು. ಆ ಬಣ್ಣ ಉಳಿಸಿಕೊಳ್ಳಲು ಇಷ್ಟು ಸಾಕು. ಈ ಬೇಸಿಗೆಯ ಮೊದಲ ಬೆಳಗನ್ನು ಬರುವ ಭಾನುವಾರವೇ ಗೊತ್ತುಮಾಡಿಕೊಳ್ಳಿ.